ಕೊಟ್ಟಿಗೆಯ ಸದ್ದು ಇನ್ನಷ್ಟು ಬೇಕು

ಸರೌಂಡ್ ಸೌಂಡ್ ಅಂದಕೂಡಲೇ ನಮ್ಮ ವಯಸ್ಸಿನವರಿಗೆ ನೆನಪಾಗುವುದು ಸಿನಿಮಾ. ಬೆನ್ನ ಹಿಂದೆ ಬಾಂಬು, ತಲೆಯ ಮೇಲೆ ಹೆಲಿಕಾಪ್ಟರ್. ಒಬ್ಬ ಮನುಷ್ಯ ಗಿಟಾರ್ ಹಿಡಿದು ತಾನೇ ಬರೆದ ಹಾಡು ಹಾಡುವುದಕ್ಕೆ ಐದು ಸ್ಪೀಕರು, ಮೇಲೊಂದು ಸಬ್‌ವೂಫರ್ ಯಾಕೆ ಬೇಕು?

ನೀಲ್ ಯಂಗ್ ಅವರ ‘ಹಾರ್ವೆಸ್ಟ್’ ಇದಕ್ಕೆ ಒಳ್ಳೆಯ ಉತ್ತರ. 1972ರ ಈ ಆಲ್ಬಮ್ 2002ರಲ್ಲಿ 5.1 ಧ್ವನಿಯ ಡಿವಿಡಿ-ಆಡಿಯೊ ಆಗಿ ಮತ್ತೆ ಬಂತು. ಸೋದರಮಾವನ ಹೋಂ ಥಿಯೇಟರಿನಲ್ಲಿ ಅದನ್ನು ಕೇಳಿದೆ. ಇದರ ಕೆಲವು ಹಾಡುಗಳು ನ್ಯಾಶ್‌ವಿಲ್‌ನ ಸ್ಟುಡಿಯೊದಲ್ಲಿ, ಇನ್ನು ಕೆಲವು ಕ್ಯಾಲಿಫೋರ್ನಿಯಾದಲ್ಲಿ ಯಂಗ್ ಅವರದೇ ಜಮೀನಿನ ಕೊಟ್ಟಿಗೆಯಲ್ಲಿ ಧ್ವನಿಮುದ್ರಣಗೊಂಡವು. ಯಂಗ್ ಕೆರೆಯ ನಡುವೆ ದೋಣಿಯಲ್ಲಿ ಕೂತು, ಒಂದು ಕಡೆ ಮನೆಯನ್ನೂ ಇನ್ನೊಂದು ಕಡೆ ಕೊಟ್ಟಿಗೆಯನ್ನೂ ದೊಡ್ಡ ಸ್ಪೀಕರುಗಳನ್ನಾಗಿ ಮಾಡಿಕೊಂಡು ಆಲ್ಬಮ್ ಕೇಳಿಸಿದರಂತೆ. ಹೇಗಿದೆ ಎಂದು ದಡದಿಂದ ಕೇಳಿದ್ದಕ್ಕೆ, ಕೊಟ್ಟಿಗೆಯ ಸದ್ದು ಇನ್ನಷ್ಟು ಬೇಕು ಎಂದು ಕೂಗಿದರಂತೆ. ಗೆಳೆಯ ಗ್ರಹಾಂ ನ್ಯಾಶ್ ಹೇಳುತ್ತಾ ಬಂದ ಕಥೆ ಇದು. ಇಷ್ಟು ದೊಡ್ಡ ಹೋಂ ಥಿಯೇಟರು ಯಾವ ಮಾವನ ಮನೆಯಲ್ಲಿದೆ ಹೇಳಿ!

ಕೊಟ್ಟಿಗೆಯಲ್ಲೇ ನುಡಿಸಿದ ‘ಅಲಬಾಮಾ’ ಕೇಳುವಾಗ ಆ ಮಾತು ಅರ್ಥವಾಯಿತು. ನನಗೆ ಸಿಕ್ಕಿದ್ದು ಗಿರಗಿರ ತಿರುಗುವ ವಾದ್ಯಗಳಲ್ಲ, ಒಂದು ಜಾಗ. ಬ್ಯಾಂಡಿನವರ ನಡುವೆ ನನಗೂ ಒಂದು ಸ್ಟೂಲು ಹಾಕಿಕೊಟ್ಟಂತಿತ್ತು.

‘ದಿ ನೀಡಲ್ ಆ್ಯಂಡ್ ದಿ ಡ್ಯಾಮೇಜ್ ಡನ್’ ಮಾತ್ರ ಬೇರೆಯೇ ಸಂಗತಿ. ಹೆರಾಯಿನ್ ಚಟಕ್ಕೆ ಬಿದ್ದ ಸಂಗಾತಿಗಳ ಬಗ್ಗೆ 1971ರಲ್ಲಿ ವೇದಿಕೆಯ ಮೇಲೆ ಒಬ್ಬರೇ ಹಾಡಿದ, ಎರಡೇ ನಿಮಿಷದ ಹಾಡದು. ಆ ದನಿಯನ್ನು ನಮ್ಮ ಸುತ್ತ ಓಡಾಡಿಸಿದರೆ ದುಃಖ ಆಟಿಕೆಯಾಗುತ್ತದೆ. ಎದುರು ಕೂತು ಹೇಳಬೇಕಾದ್ದನ್ನು ಎದುರಿನಿಂದಲೇ ಕೇಳಿಸಬೇಕು.

ಈಗ ಇಯರ್‌ಫೋನಿಗೂ ಅಟ್ಮಾಸ್ ಬಂದಿದೆ. ಹಳೆಯ ಆಲ್ಬಮ್‌ಗಳನ್ನೆಲ್ಲ ಅದಕ್ಕೆ ಬದಲಾಯಿಸುವ ಭರಾಟೆ. ‘ಹಾರ್ವೆಸ್ಟ್’ನ 5.1 ಮಿಶ್ರಣ ಮಾಡಿದ್ದು ಮೂಲ ಆಲ್ಬಮ್ಮಿನ ನಿರ್ಮಾಪಕರಲ್ಲೊಬ್ಬರಾದ ಎಲಿಯಟ್ ಮೇಜರ್. ಯಾರು ಎಲ್ಲಿ ಕೂತು ನುಡಿಸಿದ್ದರೆಂದು ಕಣ್ಣಾರೆ ಕಂಡವರು. ಎಲ್ಲ ಆಲ್ಬಮ್‌ಗೂ ಅಂಥವರು ಸಿಗಲಿಕ್ಕಿಲ್ಲ, ನಿಜ. ಆದರೆ ಹೊಸ ಮಿಶ್ರಣ ಯಾರದು, ಹಾಡಿದವರು ಅದನ್ನು ಕೇಳಿ ಒಪ್ಪಿದ್ದಾರಾ ಎಂಬುದನ್ನು ಆ್ಯಪ್‌ಗಳು ಹಾಡಿನ ಹೆಸರಿನ ಕೆಳಗೇ ಕಾಣುವಂತೆ ಹಾಕಲಿ.