ಬಾಯಿ ಕಹಿ ಅಂದ್ರೆ ಬರೀ ಪಿತ್ತ ಅಲ್ಲ ಮಾರಾಯ್ರೇ

(1/3)
ಫೋಟೋದಲ್ಲಿರೋದು ಬಾಬಾಬುಡನ್‌ಗಿರಿಯ ಮಂಜು. ನೀವು ನಿಂತು ನೋಡ್ಲಿ ಅಂತ ಹಾಕಿದ್ದು, ವಿಷಯ ಬೇರೆ.

ಬೆಳಗ್ಗೆ ಎದ್ದ ಕೂಡ್ಲೆ ಬಾಯಿ ಕಹಿ. ಇಲ್ಲಾಂದ್ರೆ ತುಕ್ಕು ಹಿಡಿದ ಕಬ್ಬಿಣ ನೆಕ್ಕಿದ ಹಾಗೆ. ಮನೇಲಿ ಹೇಳಿ ನೋಡಿ, ಮೂಡಿಗೆರೆ ಇರ್ಲಿ ಕಳಸ ಇರ್ಲಿ ಉತ್ತರ ಒಂದೇ: "ಪಿತ್ತ". ಒಂದು ಲೋಟ ಜೀರಿಗೆ ಕಷಾಯ, ಇಲ್ಲಾ ಪುನರ್ಪುಳಿ ಶರಬತ್ತು. ಕುಡೀರಿ, ಬೇಡ ಅನ್ನಲ್ಲ, ರುಚಿಯಾಗೇ ಇರುತ್ತೆ. ಆದ್ರೆ ಕಾರಣ ಹುಡುಕೋ ಕೆಲಸ ಅಲ್ಲಿಗೇ ನಿಂತುಹೋಗುತ್ತಲ್ಲ, ನನ್ನ ತಕರಾರು ಅದಕ್ಕೆ. ಬಿಕಾಂನಲ್ಲಿ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ರೆ ವ್ಯತ್ಯಾಸದ ಮೊತ್ತವನ್ನ ಸದ್ಯಕ್ಕೆ ಸಸ್ಪೆನ್ಸ್ ಅಕೌಂಟಿಗೆ ಹಾಕ್ತೀವಿ. ಆಮೇಲೆ ತಪ್ಪು ಹುಡುಕಿ ಅದನ್ನ ಮುಚ್ಚಲೇಬೇಕು. ನಮ್ಮ ಕಡೆ ಪಿತ್ತ ಅನ್ನೋದು ಅಜ್ಜನ ಕಾಲದಿಂದ ಯಾರೂ ಮುಚ್ಚದ ಸಸ್ಪೆನ್ಸ್ ಅಕೌಂಟ್.

ಹೊಟ್ಟೆಯಿಂದ ಬರೋ ಕಹಿ ಇಲ್ಲ ಅಂತಲ್ಲ. ರಾತ್ರಿ ಹತ್ತಕ್ಕೆ ಉಂಡು ಹತ್ತೂಕಾಲಿಗೆ ಮಲಗಿದ್ರೆ ಹುಳಿ ಗಂಟಲಿಗೆ ಬರುತ್ತೆ. ಖಾಲಿ ಹೊಟ್ಟೆ ಕಾಫಿ ಕೆಲವರಿಗೆ ಅದನ್ನ ಜಾಸ್ತಿ ಮಾಡುತ್ತೆ. (ಬಾಬಾಬುಡನ್ ತಂದಿದ್ದು ಏಳೇ ಬೀಜ ಅಂತ ಕತೆ. ನಾವು ದಿನಕ್ಕೆ ಏಳು ಲೋಟ ಇಳಿಸ್ತೀವಿ.) ಮಾತ್ರೆಯಿಂದಲೂ ಬರುತ್ತೆ: ಭೇದಿಗೆ ಕೊಡೋ ಮೆಟ್ರೊನಿಡಜೋಲ್, ಶುಗರ್‌ಗೆ ಕೊಡೋ ಮೆಟ್‌ಫಾರ್ಮಿನ್ ಎರಡೂ ಲೋಹದ ರುಚಿ ತರಬಹುದು. ಹಾಗಂತ ಶುಗರ್ ಮಾತ್ರೆ ನೀವೇ ನಿಲ್ಲಿಸ್ಬೇಡಿ, ಡಾಕ್ಟರಿಗೆ ಹೇಳಿ.

ಆದ್ರೆ ಬಹಳ ಸಲ ಕಾರಣ ಬಾಯಲ್ಲೇ ಇರುತ್ತೆ. ನಾಲಿಗೆಯ ಹಿಂಭಾಗದ ಬಿಳಿ ಪದರ, ಹುಳುಕು ಹಲ್ಲು, ಬ್ರಷ್ ಮಾಡಿದ್ರೆ ರಕ್ತ ಬರೋ ವಸಡು. ಆ ಕಬ್ಬಿಣದ ರುಚಿ ಎಷ್ಟೋ ಸಲ ನಿಮ್ಮದೇ ರಕ್ತದ್ದು. ಕನ್ನಡಿ ಮುಂದೆ ನಿಂತು ಬಾಯಿ ತೆರೆದು ನೋಡಿದ್ದು ಯಾವಾಗ ಹೇಳಿ?

(2/3)
ಈ ಫೋಟೋ ಕುಯ್ಲಿನದು. ಇಲ್ಲಿ ಸ್ವಲ್ಪ ನಿಲ್ಲಿ.

ಬಾಯಿ ತೊಳೆಯೋ ಕೆಲಸ ದಿನವಿಡೀ ಮಾಡೋದು ನಮ್ಮ ಎಂಜಲು. ಬಾಯಿ ಒಣಗಿದ್ರೆ ಕೆಟ್ಟ ರುಚಿ ಬಂದೇ ಬರುತ್ತೆ, ನೀರು ಕುಡೀಬೇಕು. ಸುಲಭ ಅಲ್ವಾ? ಈಗ ಕಾಫಿ ಹಣ್ಣು ಕುಯ್ಯೋ ಹೆಂಗಸರ ಹತ್ರ ಇದನ್ನ ಹೇಳಿ. ನಮ್ಮಮ್ಮನೂ ಅವರಲ್ಲಿ ಒಬ್ರು. "ನೀರು ಕುಡಿದ್ರೆ ಹೋಗೋದೆಲ್ಲಿಗೆ?" ಅಂತಾರೆ. ಪಟ್ಟೆಯಲ್ಲಿ ಶೌಚಾಲಯ ಇಲ್ಲ, ಮೇಸ್ತ್ರಿ ಅಲ್ಲೇ ನಿಂತಿರ್ತಾರೆ. ಅದಕ್ಕೆ ಸಂಜೆ ತನಕ ನೀರು ಕುಡಿಯಲ್ಲ. ಬಾಯಿ ಒಣಗುತ್ತೆ, ಕಹಿ ಆಗುತ್ತೆ. ಕಹಿ ಹೋಗ್ಲಿ ಅಂತ ಎಲೆ ಅಡಿಕೆ ಸುಣ್ಣ, ಜೊತೆಗೊಂದು ಚೂರು ಹೊಗೆಸೊಪ್ಪು. ಹಸಿವೂ ಕಟ್ಟುತ್ತೆ, ಚಳಿಯೂ ಗೊತ್ತಾಗಲ್ಲ. ಹುಡುಗರು ಸಂಚಿ ಬಿಟ್ಟು ಪ್ಯಾಕೆಟ್ ಹಿಡಿದಿದ್ದಾರೆ, ಅಷ್ಟೇ ವ್ಯತ್ಯಾಸ.

ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆಗಿದ್ದು 2013ರಲ್ಲಿ. ಆಮೇಲೆ ಏನಾಯ್ತು? ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು. ಎರಡನ್ನೂ ಅಂಗಡಿಯವರೇ ಜೋಡಿಯಾಗಿ ಕೊಡ್ತಾರೆ, ನೀವು ಕೈಯಲ್ಲಿ ಕಲಸಿಕೊಳ್ಳಿ. ಜೋಡಿಗೆ ಐದು ರೂಪಾಯಿ, ದಿನಕ್ಕೆ ಆರು ಅಂದ್ಕೊಳ್ಳಿ: ತಿಂಗಳಿಗೆ 900, ವರ್ಷಕ್ಕೆ 10,800. ಇದರಲ್ಲಿ ಬ್ರಷ್, ಪೇಸ್ಟ್, ಹಲ್ಲಿನ ಡಾಕ್ಟರ ಫೀಸು ಎಲ್ಲಾ ಕಳೆದು ಇನ್ನೂ ಉಳಿಯುತ್ತೆ.

ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಅಗಿದ್ರೆ ಏನೂ ಆಗಲ್ಲ ಅನ್ನೋರಿಗೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ತನ್ನ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕ ಅಂತ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆ ಬೆಳೆಗಾರರ ಹೊಟ್ಟೆ ಮೇಲೆ ಹೊಡೀತೀಯಾ ಅಂತ ಬೈಬೇಡಿ. ತಾಂಬೂಲದ ತಟ್ಟೆಗೆ ನನ್ನದೇನೂ ವಿರೋಧ ಇಲ್ಲ. ಅಡಿಕೆ ರೇಟು ಎಷ್ಟಾದ್ರೂ ಏರ್ಲಿ, ಅದರಿಂದ ಕೂಲಿಯವರ ವಸಡು ವಾಸಿ ಆಗಲ್ಲ.

(3/3)
ಏನ್ ಮಾಡ್ಬೇಕು ಅಂತ ಡಿಎಂ ಮಾಡ್ಬೇಡಿ, ಇಲ್ಲೇ ಬರೀತೀನಿ.

ರಾತ್ರಿ ಮಲಗೋ ಮುಂಚೆ ಬ್ರಷ್. ಬೆಳಗ್ಗೆ ಒಂದೇ ಸಲ ಸಾಲದು, ರಾತ್ರಿ ಎಂಜಲು ಕಮ್ಮಿ ಆಗೋದ್ರಿಂದ ಬಾಯಿ ಕೆಡೋದು ಆಗಲೇ. ಬೂದಿ, ಇದ್ದಿಲು ಬೇಡ, ಹಲ್ಲು ಸವೆಯುತ್ತೆ. ನಾಲಿಗೆಯ ಹಿಂಭಾಗ ಮೆಲ್ಲಗೆ ಕೆರೆದು ತೆಗೀರಿ. ಬೆಲ್ಲದ ಕಾಫಿ ಕುಡಿದ ಮೇಲೆ ನೀರು ಹಾಕಿ ಮುಕ್ಕಳಿಸಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು, ಅದೂ ಒಳ್ಳೇದು. ಏಲಕ್ಕಿ, ಪೆಪ್ಪರ್‌ಮಿಂಟ್ ಬರೀ ವಾಸನೆ ಮುಚ್ಚುತ್ತೆ.

ಬಾಯಿ ಒಣಗಿ ಬಾಯಾರಿಕೆ ಜಾಸ್ತಿ, ಪದೇ ಪದೇ ಮೂತ್ರ ಬರ್ತಿದ್ರೆ ಶುಗರ್ ಟೆಸ್ಟ್ ಮಾಡ್ಸಿ. ಎರಡು ವಾರ ಆದ್ರೂ ವಾಸಿಯಾಗದ ಹುಣ್ಣು, ಕೆಂಪು ಅಥವಾ ಬಿಳಿ ಮಚ್ಚೆ, ಸ್ವಲ್ಪ ಖಾರಕ್ಕೂ ಉರಿಯೋ ಬಾಯಿ ಇದ್ರೆ ಕಾಯ್ಬೇಡಿ. ನಿಮ್ಮ ಮೂರು ಬೆರಳು ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ನಡುವೆ ಹಿಡಿಸುತ್ತಾ ನೋಡಿ. ಹಿಡಿಸದಿದ್ರೆ, ಅದ್ರಲ್ಲೂ ಅಡಿಕೆ ಅಗಿಯೋರಾದ್ರೆ, ಒಳಗಿನ ಚರ್ಮ ಗಟ್ಟಿಯಾಗ್ತಿರಬಹುದು. ಒಮ್ಮೆ ಬಿಗಿದುಕೊಂಡ್ರೆ ಪೂರ್ತಿ ಮೊದಲಿನ ಹಾಗೆ ಆಗೋದು ಕಷ್ಟ. ಇವತ್ತೇ ಅಗಿಯೋದು ಬಿಡಿ, ನಾಳೆ ಹಲ್ಲಿನ ಡಾಕ್ಟರ ಹತ್ರ ಹೋಗಿ.

"ಹೋಗಿ" ಅಂತ ಟೈಪ್ ಮಾಡೋದು ಸುಲಭ. ಕಳಸದ ಕಡೆ ಲೈನ್ ಮನೆಯಿಂದ ಚಿಕ್ಕಮಗಳೂರಿಗೆ ಹೋಗಿ ಬಂದ್ರೆ ಒಂದು ದಿನದ ಕೂಲಿ ಹೋಯ್ತು, ಬಸ್ ಚಾರ್ಜ್ ಬೇರೆ. ಅದಕ್ಕೇ ಸಾಹುಕಾರ್ರಿಗೆ ಒಂದು ಮಾತು. ಕುಡಿಯೋ ನೀರು, ಶೌಚಾಲಯ, ವೈದ್ಯಕೀಯ ಸೌಲಭ್ಯ ಇವೆಲ್ಲ 1951ರ ಪ್ಲಾಂಟೇಶನ್ ಲೇಬರ್ ಕಾಯ್ದೆಯಲ್ಲೇ ಮಾಲೀಕರ ಹೊಣೆ ಅಂತ ಬರೆದಿದ್ರು. ನೀವು ದಾನ ಮಾಡ್ಬೇಕಿಲ್ಲ. ಕುಯ್ಲು ಶುರುವಾಗೋ ಮುಂಚೆ ಪಟ್ಟೆ ಹತ್ರ ಒಂದು ಶೌಚಾಲಯ, ವರ್ಷಕ್ಕೊಂದು ದಿನ ಕೂಲಿ ಹಿಡಿಯದೆ ಹಲ್ಲು ತಪಾಸಣೆ. ಹೋಂಸ್ಟೇಗೆ ಈಜುಕೊಳ ಕಟ್ಟೋಕೆ ಆಗುತ್ತೆ ಅಂದ್ರೆ ಇದೂ ಆಗುತ್ತೆ.

ಇನ್ನು "ನಮ್ಮಜ್ಜಿ ತೊಂಬತ್ತು ವರ್ಷ ಎಲೆ ಅಡಿಕೆ ಹಾಕಿದ್ರು, ಏನೂ ಆಗ್ಲಿಲ್ಲ" ಅಂತ ಕಾಮೆಂಟ್ ಹಾಕೋರು ಹಾಕಿ. ಐವತ್ತಕ್ಕೇ ಹೋದ ಅಜ್ಜಿಯರ ಮೊಮ್ಮಕ್ಕಳು ಕೆಳಗೆ ರಿಪ್ಲೈ ಮಾಡ್ತಾರೆ.

#ಚಿಕ್ಕಮಗಳೂರು #ಮೂಡಿಗೆರೆ #ಕಳಸ #ಕಾಫಿತೋಟ #ಬಾಯಿಕಹಿ