ಪುಸ್ತಕವೇ ಚೆನ್ನಾಗಿತ್ತು ಅಂದ ಮೇಲೆ

ಕಾದಂಬರಿ ಆಧರಿಸಿದ ಸಿನಿಮಾ ನೋಡಿ ಹೊರಬಂದ ಗೆಳೆಯರ ಗುಂಪಿನಲ್ಲಿ ಒಬ್ಬರಾದರೂ ಈ ಮಾತು ಆಡಿಯೇ ಆಡುತ್ತಾರೆ: “ಏನೇ ಹೇಳಿ, ಪುಸ್ತಕದ ಮುಂದೆ ಇದು ಏನೂ ಅಲ್ಲ.” ಓದಿದವರು ಹೌದು ಹೌದು ಅನ್ನುತ್ತಾರೆ. ಓದದವರು ಕಾಫಿ ಲೋಟದ ಕಡೆ ನೋಡುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ. ಅದು ಅಲ್ಲಿಗೇ ಮುಗಿಯುವುದರ ಬಗ್ಗೆ ನನ್ನ ತಕರಾರು. ಪುಸ್ತಕ ಮೇಲೋ ಸಿನಿಮಾ ಮೇಲೋ ಎಂದು ತೀರ್ಪು ಕೊಟ್ಟರೆ ಎರಡರ ಬಗ್ಗೆಯೂ ಹೊಸದೇನೂ ತಿಳಿಯುವುದಿಲ್ಲ. ಏನು ಬದಲಾಯಿತು, ಯಾಕೆ ಬದಲಾಯಿತು, ಯಾರಿಗೆ ಅಂಜಿ ಅಥವಾ ಯಾರನ್ನು ನಂಬಿ ಬದಲಾಯಿತು ಎಂದು ಕೇಳಿದರೆ ತಿಳಿಯುವುದು ಬಹಳ. ಈ ಸಂಚಿಕೆಯ ಹೆಚ್ಚಿನ ಪುಟಗಳನ್ನು ಆ ಪ್ರಶ್ನೆಗೆ ಬಿಟ್ಟುಕೊಟ್ಟಿದ್ದೇವೆ.

ಕನ್ನಡದಲ್ಲಿ ಒಂದು ಕಾಲಕ್ಕೆ ಈ ಜಗಳ ಬಲು ಜೋರಾಗಿತ್ತು. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಕಾದಂಬರಿ ಓದುವವರೂ ಚಿತ್ರಮಂದಿರಕ್ಕೆ ಹೋಗುವವರೂ ಬಹುಮಟ್ಟಿಗೆ ಒಂದೇ ಮನೆಯವರು. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಓದಿದ್ದು, ಬಾಡಿಗೆ ಲೈಬ್ರರಿಯಿಂದ ತಂದು ಅಕ್ಕತಂಗಿಯರು ಸರದಿಯ ಮೇಲೆ ಓದಿದ್ದು ಕೆಲವು ವರ್ಷಗಳಲ್ಲಿ ಮ್ಯಾಟಿನಿ ಆಟಕ್ಕೆ ಬರುತ್ತಿತ್ತು. ಕೃಷ್ಣಮೂರ್ತಿ ಪುರಾಣಿಕರ ‘ಕುಲವಧು’ 1963ರಲ್ಲಿ, ಅನಕೃ ಅವರ ‘ಸಂಧ್ಯಾರಾಗ’ 1966ರಲ್ಲಿ, ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ 1969ರಲ್ಲಿ, ಭಾರತೀಸುತರ ‘ಎಡಕಲ್ಲು ಗುಡ್ಡದ ಮೇಲೆ’ 1973ರಲ್ಲಿ, ವಾಣಿಯವರ ‘ಎರಡು ಕನಸು’ 1974ರಲ್ಲಿ, ದೇವುಡು ಅವರ ‘ಮಯೂರ’ 1975ರಲ್ಲಿ ತೆರೆಗೆ ಬಂದವು. ಟಿಕೆಟ್ ತೆಗೆದುಕೊಂಡು ಕೂತವರಲ್ಲಿ ಅನೇಕರಿಗೆ ಕಥೆ ಮೊದಲೇ ಗೊತ್ತಿರುತ್ತಿತ್ತು. ಯಾವ ಸನ್ನಿವೇಶ ಹಾರಿಸಿದರು, ಎಲ್ಲಿ ಹಾಡು ತುರುಕಿದರು ಎಂದು ಅವರು ಕತ್ತಲಲ್ಲೇ ಲೆಕ್ಕ ಹಾಕುತ್ತಿದ್ದರು. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ. ‘ಬೆಳ್ಳಿಮೋಡ’ 1967ರಲ್ಲಿ, ‘ಹಣ್ಣೆಲೆ ಚಿಗುರಿದಾಗ’ ಮರುವರ್ಷ, ‘ಶರಪಂಜರ’ 1971ರಲ್ಲಿ ಸಿನಿಮಾ ಆದವು. ಒಂದನ್ನೂ ನೋಡಲು ಅವರಿರಲಿಲ್ಲ. ಅವರ ಪರವಾಗಿ ಪುಟ್ಟಣ್ಣ ಕಣಗಾಲರಂಥ ನಿರ್ದೇಶಕರ ಜೊತೆ ಜಗಳವಾಡುವ, ಮೆಚ್ಚಬೇಕಾದಲ್ಲಿ ಮೆಚ್ಚುವ ಕೆಲಸವನ್ನೆಲ್ಲ ಓದುಗರೇ ಮಾಡಿದರು.

ತ.ರಾ.ಸು. ಇದ್ದರು, ಅವರ ಜಗಳ ಅವರೇ ಆಡಿದರು. 1972ರ ‘ನಾಗರಹಾವು’ ಸಿನಿಮಾದ ಹಿಂದೆ ಇರುವುದು ಒಂದು ಕಾದಂಬರಿಯಲ್ಲ, ಮೂರು: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ತನ್ನ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿದರು ಎಂದು ತ.ರಾ.ಸು. ಸಿಡಿದರು ಎಂಬ ಮಾತು ಗಾಂಧಿನಗರದಲ್ಲಿ ಇಂದಿಗೂ ಓಡಾಡುತ್ತದೆ. ಈಚೆಗೆ ಒಂದು ಭಾನುವಾರ ನಾಲ್ಕಾರು ಗೆಳೆಯರು ಸೇರಿದ್ದಾಗ ಇದೇ ವಿಷಯ ಎದ್ದಿತು. ಚಿತ್ರದುರ್ಗದವರಾದ, ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ತ.ರಾ.ಸು. ಪಕ್ಷ.

“ಮೂರು ಕಾದಂಬರಿ ಹಿಂಡಿ ಮೂರು ಗಂಟೆಗೆ ಇಳಿಸಿದರೆ ರಾಮಾಚಾರಿ ಏನಾಗಬೇಕು ಹೇಳಿ? ಸಿಟ್ಟು ಒಂದೇ ಉಳೀತು.”

ನಮ್ಮ ಕಚೇರಿಯ ಹುಡುಗ ಬಿಡಲಿಲ್ಲ. “ಅದಿರಲಿ ಸರ್. ಅಶ್ವತ್ಥ್ ಇಲ್ಲದ ಚಾಮಯ್ಯ ಮೇಷ್ಟ್ರನ್ನ ನೀವು ಈಗ ಕಲ್ಪಿಸಿಕೊಳ್ಳಿ ನೋಡೋಣ.”

ಹಿರಿಯರು ಪ್ರಾಮಾಣಿಕವಾಗಿ ಪ್ರಯತ್ನಿಸಿದರು. ಹಣೆ ಉಜ್ಜಿಕೊಂಡರು. ಆಮೇಲೆ ಅಂದರು, “ನನ್ನ ತಕರಾರೇ ಅದು ಮಾರಾಯ. ಸಿನಿಮಾ ಬರೋದಕ್ಕೆ ಮುಂಚೆ ಪುಸ್ತಕ ಓದಿದಾಗ ನನಗೇ ಅಂತ ಒಬ್ಬ ಮೇಷ್ಟ್ರು ಇದ್ದ. ಈಗ ಎಲ್ಲಿ ಹುಡುಕಿದರೂ ಸಿಗ್ತಿಲ್ಲ.”

ಪುಸ್ತಕ ಮೇಲು ಎಂದು ಹತ್ತು ಸಲ ಹೇಳಿದ್ದರೂ ಸಿಗದ ಸಂಗತಿ ಆ ಒಂದು ಮಾತಿನಲ್ಲಿ ಸಿಕ್ಕಿತು. ಸಿನಿಮಾ ಕೆಟ್ಟದ್ದಾಗಿದ್ದರೆ ಅವರ ಮೇಷ್ಟ್ರು ಉಳಿಯುತ್ತಿದ್ದ. ಕೆ.ಎಸ್. ಅಶ್ವತ್ಥ್ ಅಷ್ಟು ಚೆನ್ನಾಗಿ ಅಭಿನಯಿಸಿದ್ದರಿಂದಲೇ ಹೋದ. ಓದುಗನ ನಷ್ಟವೂ ನೋಡುಗನ ಲಾಭವೂ ಒಬ್ಬನೇ ನಟನ ಲೆಕ್ಕಕ್ಕೆ ಬರೆದುಹೋದ ಮೇಲೆ ಯಾವುದು ಮೇಲು ಎಂದು ಹೇಗೆ ಹೇಳುವುದು?

ಇನ್ನು ಬದಲಾವಣೆಗಳ ವಿಚಾರ. ನನ್ನ ಮಟ್ಟಿಗೆ ಅವನ್ನು ಅಂಜಿ ಮಾಡಿದವು, ಆಲೋಚಿಸಿ ಮಾಡಿದವು ಎಂದು ಎರಡಾಗಿ ವಿಂಗಡಿಸಿಕೊಳ್ಳಬಹುದು. ಅಂಜಿಕೆಗೆ ನಮ್ಮ ಮೈಸೂರಿನದೇ ಉದಾಹರಣೆ ಇದೆ. ಆರ್.ಕೆ. ನಾರಾಯಣ್ ಅವರ ‘ದಿ ಗೈಡ್’ ಕಾದಂಬರಿ ಬಂದದ್ದು 1958ರಲ್ಲಿ. ದೇವ್ ಆನಂದ್ ಅದನ್ನು ಸಿನಿಮಾ ಮಾಡಹೊರಟಾಗ ನಾರಾಯಣ್ ಚಿತ್ರತಂಡವನ್ನು ಮೈಸೂರಿನ ಸುತ್ತಮುತ್ತ ಓಡಾಡಿಸಿ, ತಮ್ಮ ಮನಸ್ಸಿನಲ್ಲಿದ್ದ ಹೊಳೆ, ಗುಡಿ, ಹಳ್ಳಿಗಳನ್ನು ತೋರಿಸಿದರು. ತಂಡ ಎಲ್ಲವನ್ನೂ ನೋಡಿ ಹೋಗಿ, ಬಣ್ಣಕ್ಕೂ ಬೆಡಗಿಗೂ ಮನಸೋತು, ರಾಜಸ್ಥಾನದ ಉದಯಪುರ, ಜೈಪುರಗಳಲ್ಲಿ ಕ್ಯಾಮೆರಾ ಇಟ್ಟಿತು. ನಾರಾಯಣ್ ಆಮೇಲೆ ಈ ಪ್ರಸಂಗವನ್ನು ಒಂದು ಪ್ರಬಂಧವಾಗಿ ಬರೆದರು. ಅಷ್ಟು ನಗಿಸುತ್ತಲೇ ಅಷ್ಟು ಸಿಟ್ಟು ಮಾಡಿಕೊಳ್ಳಲು ಅವರಿಗೊಬ್ಬರಿಗೇ ಸಾಧ್ಯ.

ಆದರೆ ಊರು ಬದಲಾದದ್ದು ದೊಡ್ಡದಲ್ಲ. ಕಾದಂಬರಿಯಲ್ಲಿ ರೋಸಿಯ ಗಂಡ ಮಾರ್ಕೊ ಕೆಟ್ಟವನಲ್ಲ, ತಣ್ಣಗಿನವನು. ಗುಹೆಯ ಚಿತ್ರಗಳ ಮುಂದೆ ಹೆಂಡತಿಯೇ ಅವನ ಕಣ್ಣಿಗೆ ಬೀಳುವುದಿಲ್ಲ. ರೋಸಿ ತಾನೇ ತಪ್ಪೊಪ್ಪಿಕೊಂಡ ಮೇಲೆ ಅವಳನ್ನು ಬಿಟ್ಟು ರೈಲು ಹತ್ತುತ್ತಾನೆ. 1965ರ ಹಿಂದಿ ಸಿನಿಮಾದಲ್ಲಿ ರೋಸಿ ಗಂಡನನ್ನು ಇನ್ನೊಬ್ಬಳ ಜೊತೆ ಕಾಣುತ್ತಾಳೆ, ಆಮೇಲಷ್ಟೇ ಮನೆ ಬಿಡುತ್ತಾಳೆ. ಗಂಡನ ಕಡೆಯಿಂದ ಒಂದು ಖಚಿತ ಪಾಪ ನಡೆಯದೆ ಹೆಂಡತಿ ಹೊರಟರೆ ಪ್ರೇಕ್ಷಕರು ಒಪ್ಪಲಾರರು ಎಂಬ ಅಂಜಿಕೆ ಅಲ್ಲಿ ಕೆಲಸ ಮಾಡಿದೆ. ಕೊನೆಯಲ್ಲೂ ಅಷ್ಟೆ. ಮಳೆ ಬಂತೋ ಇಲ್ಲವೋ, ಗೈಡ್ ರಾಜು ಸಂತನಾದನೋ ಇಲ್ಲವೋ ಎಂಬುದನ್ನು ಕಾದಂಬರಿ ಓದುಗರಿಗೇ ಬಿಡುತ್ತದೆ. ಸಿನಿಮಾದಲ್ಲಿ ಮಳೆ ಧೋ ಎಂದು ಸುರಿಯುತ್ತದೆ. ವಿಜಯ್ ಆನಂದ್ ದೊಡ್ಡ ನಿರ್ದೇಶಕ, ವಹೀದಾ ರೆಹಮಾನ್ ಕುಣಿದದ್ದನ್ನು ಮರೆಯಲಾಗದು, ಎಸ್.ಡಿ. ಬರ್ಮನ್ ಸಂಗೀತ ಇಂದಿಗೂ ತಾಜಾ. ಅದೆಲ್ಲ ಒಪ್ಪಿಕೊಂಡೇ ಹೇಳಬಹುದು: ಆ ಕಾಲದ ಸಂಸಾರಸ್ಥರು ಯಾವುದನ್ನು ಸಹಿಸಲಾರರು ಎಂದು ಚಿತ್ರೋದ್ಯಮ ಭಾವಿಸಿತ್ತು ಎಂಬುದು ಎರಡನ್ನೂ ಪಕ್ಕಪಕ್ಕ ಇಟ್ಟವರಿಗಷ್ಟೇ ಕಾಣುತ್ತದೆ. ಒಂದನ್ನೇ ಹಿಡಿದವರಿಗೆ ಕಾಣುವುದಿಲ್ಲ.

ಅಂಜಿಕೆ ಯಾವಾಗಲೂ ನಿರ್ಮಾಪಕನದೇ ಆಗಬೇಕಿಲ್ಲ. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಪ್ರಕಟವಾಗಿ, ಮೆಚ್ಚುಗೆ ಬೈಗುಳ ಎರಡನ್ನೂ ತಿಂದು, ಅಂಗಡಿಗಳಲ್ಲಿ ಮಾರಾಟವಾಗುತ್ತಲೇ ಇತ್ತು. ಪಟ್ಟಾಭಿರಾಮ ರೆಡ್ಡಿ ಅದನ್ನೇ ಸಿನಿಮಾ ಮಾಡಿದಾಗ ಮದ್ರಾಸಿನ ಸೆನ್ಸಾರ್ ಮಂಡಳಿ ತಡೆಯಿತು. ತಡೆ ತೆರವಾದ ಮೇಲೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಮೊದಲ ಬಾರಿಗೆ ಕನ್ನಡಕ್ಕೆ ಬಂದದ್ದೂ ಅದರಿಂದಲೇ. ಗಿರೀಶ ಕಾರ್ನಾಡರ ಪ್ರಾಣೇಶಾಚಾರ್ಯ, ಲಂಕೇಶರ ನಾರಣಪ್ಪ, ಸ್ನೇಹಲತಾ ರೆಡ್ಡಿಯವರ ಚಂದ್ರಿ. ಕಾದಂಬರಿಗಿಂತ ಹೆಚ್ಚಿನದೇನನ್ನೂ ಅವರು ಹೇಳಿರಲಿಲ್ಲ. ಮನೆಯ ಮೂಲೆಯಲ್ಲಿ ಒಬ್ಬೊಬ್ಬರೇ ಓದಿಕೊಂಡದ್ದನ್ನು ಮುನ್ನೂರು ಜನ ಒಟ್ಟಿಗೆ ಕೂತು ನೋಡುವುದು ಸರ್ಕಾರಕ್ಕೆ ಬೇರೆಯೇ ಸಂಗತಿಯಾಗಿ ಕಂಡಿತು.

ಆಲೋಚಿಸಿ ಮಾಡಿದ ಬದಲಾವಣೆಗೆ ಗಿರೀಶ ಕಾಸರವಳ್ಳಿಯವರಷ್ಟು ಒಳ್ಳೆಯ ಸಾಕ್ಷಿ ಬೇರೆ ಯಾರೂ ಇಲ್ಲ. ‘ಘಟಶ್ರಾದ್ಧ’ದಿಂದ ಆಚೆಗೆ ಅವರ ಹೆಚ್ಚಿನ ಚಿತ್ರಗಳ ಹಿಂದೆ ಒಂದು ಕನ್ನಡ ಕಥೆಯೋ ಕಾದಂಬರಿಯೋ ಇದೆ: ತೇಜಸ್ವಿ, ನಾ. ಡಿಸೋಜ, ಭೈರಪ್ಪ, ಅಮರೇಶ ನುಗಡೋಣಿ, ಕುಂ. ವೀರಭದ್ರಪ್ಪ. ಅವರ 2008ರ ‘ಗುಲಾಬಿ ಟಾಕೀಸ್’ ನಮ್ಮ ಭಾನುವಾರದ ಕೂಟವನ್ನು ಎರಡು ಪಕ್ಷ ಮಾಡಿತು. ವೈದೇಹಿಯವರ ಕಥೆಯಲ್ಲಿ ಊರಿಗೆ ಟಾಕೀಸು ಬರುತ್ತದೆ, ಸೂಲಗಿತ್ತಿ ಲಿಲ್ಲಿಬಾಯಿ ಅದರ ಗೇಟು ಕಾಯುತ್ತಾಳೆ, ಮನೆಯೊಳಗಿದ್ದ ಹೆಂಗಸರ ಲೋಕ ಸದ್ದಿಲ್ಲದೆ ಬದಲಾಗುತ್ತದೆ. ಸಿನಿಮಾದಲ್ಲಿ ಟಾಕೀಸಿನ ಜಾಗಕ್ಕೆ ಡಿಶ್ ಆಂಟೆನಾದ ಟಿ.ವಿ. ಬಂದಿದೆ, ಸೂಲಗಿತ್ತಿ ಮುಸ್ಲಿಂ ಹೆಂಗಸು ಗುಲಾಬಿಯಾಗಿದ್ದಾಳೆ, ಕಾಲ 1999ರ ಕಾರ್ಗಿಲ್ ಯುದ್ಧದ್ದು, ಜಾಗ ಕುಂದಾಪುರದ ಕಡೆಯ ಮೀನುಗಾರರ ಕುದ್ರು. ಅವಳ ಮನೆಗೆ ಟಿ.ವಿ. ನೋಡಲು ಬರುತ್ತಿದ್ದ ಊರೇ ಕಡೆಗೆ ಅವಳನ್ನು ಹೊರಗೆ ಹಾಕುತ್ತದೆ.

ಕುಂದಾಪುರ ಕಡೆಯ ಮೇಡಂ ಒಬ್ಬರಿಗೆ ಇದು ಸಮ್ಮತವಿರಲಿಲ್ಲ. “ಕಥೆ ಹೆಂಗಸರದ್ದು ಮಾರಾಯ್ರೆ. ಅದರೊಳಗಿನ ನಗು, ಗುಸುಗುಸು ಎಲ್ಲ ಹೋಗಿ ಪೇಪರ್‌ನಲ್ಲಿ ಬರುವ ಸುದ್ದಿ ಒಳಗೆ ಬಂತು” ಎಂದರು. ಉಮಾಶ್ರೀ ಅಭಿನಯವನ್ನು ಮಾತ್ರ ಕೈಮುಗಿದು ಒಪ್ಪಿಕೊಂಡರು. ಎದುರು ಪಕ್ಷದ ಉತ್ತರ ಹೀಗಿತ್ತು: ಟಾಕೀಸು ಎಂದರೆ ಊರೆಲ್ಲ ಒಂದೇ ಪರದೆ ನೋಡಿದ ಕಾಲ, ಟಿ.ವಿ. ಎಂದರೆ ಒಂದೇ ಮನೆಯ ಸ್ವತ್ತು. ಅದು ಯಾರ ಮನೆ ಎಂಬ ಪ್ರಶ್ನೆ ಏಳಲೇಬೇಕು. ಮೀನು ಹಿಡಿಯುವ ಸಣ್ಣ ದೋಣಿಗೂ ದೊಡ್ಡ ಬೋಟಿಗೂ ಬಿದ್ದ ಜಗಳ ಜಾತಿ-ಧರ್ಮದ ಜಗಳವಾಗಿ ತಿರುಗಿದ ಕರಾವಳಿಯಲ್ಲಿ ಹೆಂಗಸರ ಗುಸುಗುಸು ಮೊದಲಿನ ಹಾಗೇ ಉಳಿಯುವುದಾದರೂ ಹೇಗೆ? ನನಗೆ ಇಬ್ಬರೂ ಸರಿ ಅನಿಸಿತು. ಕಾಸರವಳ್ಳಿ ಕಥೆಯನ್ನು ಹಾಳು ಮಾಡಲಿಲ್ಲ, ಅದಕ್ಕೆ ನಿಷ್ಠರಾಗಿಯೂ ಉಳಿಯಲಿಲ್ಲ. ಇಂಥದೇ ಒಂದು ಪೆಟ್ಟಿಗೆ ಇಪ್ಪತ್ತು ಮೂವತ್ತು ವರ್ಷ ಆದಮೇಲೆ ಬಂದಿದ್ದರೆ ಏನಾಗುತ್ತಿತ್ತು ಎಂದು ವೈದೇಹಿಯವರ ಕಥೆಯನ್ನೇ ಕೇಳಿದರು. ಒಳ್ಳೆಯ ಓದುಗ ಪುಸ್ತಕ ಮಡಚಿಟ್ಟ ಮೇಲೆ ಕೇಳಿಕೊಳ್ಳುವ ಪ್ರಶ್ನೆಯೂ ಇದೇ.

ಆಲೋಚನೆ ದೊಡ್ಡ ರಾಜಕೀಯದ್ದೇ ಆಗಬೇಕೆಂದೂ ಇಲ್ಲ. ಶರ್ಲಿ ಅರೋರಾ ಎಂಬ ಅಮೆರಿಕದ ಲೇಖಕಿ ದಕ್ಷಿಣ ಭಾರತದ ಬೆಟ್ಟದೂರಿನ ಹುಡುಗನೊಬ್ಬನ ಮೇಲೆ ಮಕ್ಕಳಿಗಾಗಿ ಒಂದು ಕಾದಂಬರಿ ಬರೆದಿದ್ದರು. ಅವನಿಗೆ ಅಂಗಡಿಯಲ್ಲಿ ಕಂಡ ರಾಮಾಯಣ ಬೇಕು. ಎನ್. ಲಕ್ಷ್ಮೀನಾರಾಯಣ್ 1985ರಲ್ಲಿ ಅದನ್ನು ‘ಬೆಟ್ಟದ ಹೂವು’ ಮಾಡಿದಾಗ ಹುಡುಗನಿಗೆ ಬೇಕಾದದ್ದು ಕುವೆಂಪು ಅವರ ‘ಶ್ರೀರಾಮಾಯಣ ದರ್ಶನಂ’. ಬದಲಾದದ್ದು ಇಷ್ಟೆ ಅನ್ನಿಸಬಹುದು. ಆದರೆ ಕಾಡುಗುಡ್ಡ ಅಲೆದು ಚಿಲ್ಲರೆ ಕೂಡಿಸುವ ಆ ಹುಡುಗನ ಆಸೆಗೆ ಈಗ ಒಂದು ವಿಳಾಸ ಸಿಕ್ಕಿತು. ಅವನಂತೆಯೇ ಮಲೆನಾಡಿನಲ್ಲಿ ಬೆಳೆದ ಕವಿಯೊಬ್ಬ ಬರೆದ ಪುಸ್ತಕ ಅದು. ಕೂಡಿಟ್ಟ ದುಡ್ಡು ಕೊನೆಗೆ ಮನೆಯವರ ಚಳಿಗೆ ಹೊದಿಕೆಯಾದಾಗ ಆ ಪಾತ್ರ ಮಾಡಿದ ಬಾಲಕ ಪುನೀತನ ಮುಖ ನೋಡಿದ ಕನ್ನಡಿಗರಿಗೆ ಅವನು ಬಿಟ್ಟುಕೊಟ್ಟದ್ದು ಏನೆಂದು ಬಿಡಿಸಿ ಹೇಳಬೇಕಾಗಲಿಲ್ಲ. ಆ ವರ್ಷದ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಅವನಿಗೇ ಬಂತು. ಪರದೇಶದ ಪುಸ್ತಕವೊಂದು ಕನ್ನಡದ ಪುಸ್ತಕದ ಆಸೆಯಾಗಿ ಬದಲಾದ ಈ ಉದಾಹರಣೆಯಲ್ಲಿ ಮೂಲಕ್ಕೆ ಯಾವ ಅನ್ಯಾಯವೂ ಆದಂತೆ ನನಗೆ ಕಾಣುವುದಿಲ್ಲ.

ಈಗ ಇಂಥ ಜಗಳಗಳು ಕಡಿಮೆಯಾಗಿವೆ. ಸಿನಿಮಾಗಳು ಕಡಿಮೆಯಾದದ್ದಕ್ಕಲ್ಲ, ಎರಡೂ ಗೊತ್ತಿರುವವರು ಕಡಿಮೆಯಾದದ್ದಕ್ಕೆ. ‘ಬಂಗಾರದ ಮನುಷ್ಯ’ದ ರಾಜೀವ ಮನೆ ಬಿಟ್ಟು ಹೊರಟದ್ದನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವವರಲ್ಲಿ ಅದರ ಹಿಂದೆ ಟಿ.ಕೆ. ರಾಮರಾವ್ ಅವರ ಕಾದಂಬರಿ ಇದೆ ಎಂದು ಗೊತ್ತಿರುವವರು ಎಷ್ಟು ಜನ? ಸಿನಿಮಾ ಪುಸ್ತಕವನ್ನು ಕೆಡಿಸುವುದಕ್ಕಿಂತ ಹೀಗೆ ಪೂರ್ತಿ ನುಂಗಿಬಿಡುವುದು ಲೇಖಕನಿಗೆ ಹೆಚ್ಚಿನ ಕಷ್ಟ. ತ.ರಾ.ಸು. ಸಿಟ್ಟಾದರು, ಅದರಿಂದ ಅವರ ಕಾದಂಬರಿಯ ಹೆಸರೂ ಜನರ ಬಾಯಲ್ಲಿ ಉಳಿಯಿತು. ಸುಮ್ಮನಿದ್ದವರ ಪುಸ್ತಕಗಳು ಹಳೆಯ ಪುಸ್ತಕದಂಗಡಿಗೆ ಹೋದವು.

ಎದುರು ದಿಕ್ಕಿನ ಹರಿವೂ ಇದೆ, ಅದು ಸಂತೋಷದ ಸಂಗತಿ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬುಕರ್ ಬಂದ ಮೇಲೆ ‘ಕರಿನಾಗರಗಳು’ ಕಥೆಯನ್ನು ಮೊದಲ ಬಾರಿ ಓದಿದ ಅನೇಕರು, ಕಾಸರವಳ್ಳಿಯವರು ಅದನ್ನು ಇಪ್ಪತ್ತು ವರ್ಷದ ಹಿಂದೆಯೇ ‘ಹಸೀನಾ’ ಮಾಡಿದ್ದರು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತ್ತು ಎಂದು ತಿಳಿದು ಸಿನಿಮಾವನ್ನು ಹುಡುಕುತ್ತಿದ್ದಾರೆ. ಮಸೀದಿಯ ಮುಂದೆ ನ್ಯಾಯ ಕೇಳಿ ಕೂತ ಆ ತಾಯಿಯನ್ನು ಮೊದಲು ಓದಿ ಆಮೇಲೆ ನೋಡುವವರ ಅನುಭವ, 2004ರಲ್ಲಿ ಮೊದಲು ನೋಡಿದವರ ಅನುಭವಕ್ಕಿಂತ ಬೇರೆ. ಇಬ್ಬರೂ ಒಂದೆಡೆ ಕೂತು ಮಾತಾಡಿದರೆ ಕೇಳಲು ಸ್ವಾರಸ್ಯವಾಗಿರುತ್ತದೆ.

ಅಂಥ ಮಾತಿಗೆ ಪತ್ರಿಕೆಯಲ್ಲಿ ಜಾಗ ಇರಲಿ ಎಂದು ಮುಂದಿನ ಸಂಚಿಕೆಯಿಂದ ಎರಡು ಪುಟ ಓದುಗರಿಗೆ ಮೀಸಲು. ನಿಮಗೆ ಇಷ್ಟವಾದ ಒಂದು ಸಿನಿಮಾ, ಅದರ ಹಿಂದಿನ ಒಂದು ಪುಸ್ತಕ ಆರಿಸಿಕೊಳ್ಳಿ. ಕನ್ನಡದ್ದೇ ಆಗಬೇಕೆಂದಿಲ್ಲ. ಎರಡನ್ನೂ ಇನ್ನೊಮ್ಮೆ ಓದಿ, ನೋಡಿ. ನೆನಪನ್ನು ನಂಬಿ ಬರೆಯಬೇಡಿ. ಒಂದೇ ಒಂದು ಬದಲಾವಣೆಯ ಬಗ್ಗೆ ಬರೆಯಿರಿ: ಬಿಟ್ಟುಹೋದ ಪಾತ್ರ, ತಿರುಗಿದ ಕೊನೆ, ಸೇರಿಸಿದ ಹಾಡು, ಯಾವುದಾದರೂ ಸರಿ. ಅಂಜಿ ಮಾಡಿದ್ದೋ ಆಲೋಚಿಸಿ ಮಾಡಿದ್ದೋ ನಿಮ್ಮ ತೀರ್ಮಾನ ಹೇಳಿ, ಕಾರಣ ಕೊಡಿ. ಕಳಿಸುವ ಮುನ್ನ ಒಬ್ಬ ಗೆಳೆಯರಿಗೆ ತೋರಿಸಿ. ಅವರು ಒಪ್ಪದಿದ್ದರೆ ಅವರ ಆಕ್ಷೇಪವನ್ನೂ ಜೊತೆಗೆ ಬರೆದು ಕಳಿಸಿ, ಎರಡನ್ನೂ ಒಟ್ಟಿಗೆ ಅಚ್ಚು ಹಾಕುತ್ತೇವೆ. ಯಾವುದು ಮೇಲು ಎಂಬ ಸಾಲಿಗೆ ಮಾತ್ರ ನಮ್ಮ ಪುಟಗಳಲ್ಲಿ ಜಾಗವಿಲ್ಲ.

— ಸಂಪಾದಕ