ಭಾರ ಎತ್ತುವ ಮೊದಲು: ದಕ್ಷಿಣ ಬೆಂಗಳೂರಿನ ಕ್ರೇನುಗಳು ಕಲಿಸುವ ಪಾಠ

ಬೆಂಗಳೂರಿನ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಮೆಟ್ರೊ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಉದ್ದ 19.15 ಕಿ.ಮೀ., ನಿಲ್ದಾಣಗಳು 16. ಜಯನಗರ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಲ್ಲಿ ಮನೆ ಮಾಡಿಕೊಂಡು ಎಲೆಕ್ಟ್ರಾನಿಕ್ ಸಿಟಿಗೆ ದುಡಿಯಲು ಹೋಗುವ ನಮ್ಮ ಕರಾವಳಿಯ ಅನೇಕ ಯುವಕ ಯುವತಿಯರಿಗೆ ಇದೊಂದು ದೊಡ್ಡ ನೆಮ್ಮದಿ. ರೈಲು ಬರಲು ತಡವಾದದ್ದು, ಟಿಕೆಟ್ ದರ, ಶ್ರೇಯ ಯಾರಿಗೆ ಸಲ್ಲಬೇಕೆಂಬ ರಾಜಕೀಯ, ಇವೆಲ್ಲ ಪತ್ರಿಕೆಗಳಲ್ಲಿ ಸಾಕಷ್ಟು ಚರ್ಚೆಯಾದವು. ಆದರೆ ಅಷ್ಟೊಂದು ಕಾಂಕ್ರೀಟು, ಕಬ್ಬಿಣ ಜನರ ತಲೆಯ ಮೇಲೆ ಹೇಗೆ ಏರಿತು ಎಂಬುದನ್ನು ಕೇಳಿದವರು ಕಡಿಮೆ. ಈ ಪ್ರಶ್ನೆ ಎಂಜಿನಿಯರುಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ, ನಮ್ಮ ಚರ್ಚ್ ಆವರಣಗಳಿಗೂ ಸಂಬಂಧಿಸಿದ್ದು ಎಂದು ತೋರಿಸುವುದೇ ಈ ಲೇಖನದ ಉದ್ದೇಶ.

ಜಯದೇವ ಜಂಕ್ಷನ್ನಿನ ಐದು ಅಂತಸ್ತು

ಜಯದೇವ ಆಸ್ಪತ್ರೆಯ ಎದುರಿನ ಜಂಕ್ಷನ್ನನ್ನು ನೋಡಿದವರಿಗೆ ವಿಷಯ ಬೇಗ ಅರ್ಥವಾಗುತ್ತದೆ. ಕೆಳಗೆ ಅಂಡರ್‌ಪಾಸ್, ಅದರ ಮೇಲೆ ನೆಲದ ರಸ್ತೆ, ಅದರ ಮೇಲೆ ಮೇಲ್ಸೇತುವೆ, ಅದಕ್ಕೂ ಮೇಲೆ ಹಳದಿ ಮಾರ್ಗ, ಎಲ್ಲಕ್ಕಿಂತ ಮೇಲೆ ಕಾಳೇನ ಅಗ್ರಹಾರದ ಕಡೆಯಿಂದ ಬರುವ ಗುಲಾಬಿ ಮಾರ್ಗ. ಇದಕ್ಕೆ ಜಾಗ ಮಾಡಲು ಅಲ್ಲಿದ್ದ ಹಳೆಯ ಮೇಲ್ಸೇತುವೆಯನ್ನು 2020ರಲ್ಲಿ ಕೆಡವಲಾಯಿತು. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗಿನ 3.3 ಕಿ.ಮೀ. ದ್ವಿಸ್ತರ ಮೇಲ್ಸೇತುವೆ 2024ರ ಜುಲೈಯಲ್ಲಿ ವಾಹನಗಳಿಗೆ ತೆರೆಯಿತು. ಕೆಳಗಿನ ರಸ್ತೆ ಮುಚ್ಚುವಂತಿಲ್ಲ. ಪಕ್ಕದಲ್ಲೇ ಹೃದ್ರೋಗದ ದೊಡ್ಡ ಆಸ್ಪತ್ರೆ, ಹಗಲಿರುಳೂ ಆಂಬುಲೆನ್ಸ್ ಓಡಾಟ. ಇಂಥ ಕಡೆ ಒಂದೊಂದು ತುಂಡೂ ಹತ್ತಾರು ಟನ್ ತೂಗುವ ಸೆಗ್ಮೆಂಟು, ಗರ್ಡರುಗಳನ್ನು ಎತ್ತಿ ಕೂರಿಸಬೇಕು.

ಸಾಮಾನ್ಯವಾಗಿ ಈ ಕೆಲಸ ನಡೆಯುವುದು ರಾತ್ರಿ. ಸಂಚಾರ ಪೊಲೀಸರು ಕೊಡುವುದು ಕೆಲವೇ ತಾಸು. ಬೆಳಕು ಹರಿಯುವ ಮೊದಲು ರಸ್ತೆ ಬಿಟ್ಟುಕೊಡಬೇಕು. ಓದುಗರು ಈ ಅಂಶವನ್ನು ನೆನಪಿಟ್ಟುಕೊಳ್ಳಬೇಕು. ಅಪಾಯದ ಬೇರು ಎಷ್ಟೋ ಸಲ ಇರುವುದು ಈ ಗಡಿಯಾರದಲ್ಲೇ.

ಬಿದ್ದ ಭಾರಗಳು

ಬೆಂಗಳೂರು ಈ ವಿಷಯದಲ್ಲಿ ಕಣ್ಣೀರು ಹಾಕಿದೆ. 2023ರ ಜನವರಿ 10ರಂದು ಎಚ್.ಬಿ.ಆರ್. ಬಡಾವಣೆ ಸಮೀಪ ಮೆಟ್ರೊ ಕಂಬಕ್ಕಾಗಿ ನಿಲ್ಲಿಸಿದ್ದ ಕಬ್ಬಿಣದ ಸರಳುಗಳ ಚೌಕಟ್ಟು ರಸ್ತೆಗೆ ಉರುಳಿ, ಸ್ಕೂಟರಿನಲ್ಲಿ ಹೋಗುತ್ತಿದ್ದ ತಾಯಿ ಮತ್ತು ಎರಡೂವರೆ ವರ್ಷದ ಮಗ ತೀರಿಕೊಂಡರು. ರಾಜ್ಯ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. 2025ರ ಏಪ್ರಿಲ್‌ನಲ್ಲಿ ಯಲಹಂಕದ ಕೋಗಿಲು ಕ್ರಾಸ್ ಬಳಿ ಮೆಟ್ರೊ ಗರ್ಡರ್ ಸಾಗಿಸುತ್ತಿದ್ದ ಲಾರಿಯಿಂದ ಗರ್ಡರ್ ಉರುಳಿ ಆಟೊ ಚಾಲಕರೊಬ್ಬರು ಪ್ರಾಣ ಕಳೆದುಕೊಂಡರು. ಈ ಎರಡು ಘಟನೆಗಳಲ್ಲೂ ಭಾರ ಕ್ರೇನಿನ ಹುಕ್ಕಿನಲ್ಲಿ ತೂಗುತ್ತಿರಲಿಲ್ಲ. ಒಂದರಲ್ಲಿ ಅದು ನಿಂತಿತ್ತು, ಇನ್ನೊಂದರಲ್ಲಿ ಪ್ರಯಾಣದಲ್ಲಿತ್ತು. ಭಾರ ಎತ್ತುವ ಕೆಲಸ ಯಾರ್ಡಿನಲ್ಲಿ ಆರಂಭವಾಗಿ, ಭಾರ ತನ್ನ ಜಾಗದಲ್ಲಿ ಭದ್ರವಾಗಿ ಕೂರುವವರೆಗೂ ಮುಗಿಯುವುದಿಲ್ಲ ಎಂಬುದಕ್ಕೆ ಇವೆರಡೇ ಸಾಕ್ಷಿ ಸಾಕು.

ದೆಹಲಿಯ ಅನುಭವ ಇನ್ನೂ ಕಠಿಣ. 2009ರ ಜುಲೈ 12ರ ಮುಂಜಾನೆ ಜಮ್ರುದ್‌ಪುರದಲ್ಲಿ ಮೆಟ್ರೊ ಕಂಬದ ತಲೆಭಾಗ ಮುರಿದು, ಮೇಲಿದ್ದ ಲಾಂಚಿಂಗ್ ಗರ್ಡರ್ ಕುಸಿದು ಆರು ಮಂದಿ ಸತ್ತರು. ಮರುದಿನವೇ ಆ ಅವಶೇಷ ಎತ್ತಲು ಬಂದ ಕ್ರೇನುಗಳೂ ಉರುಳಿಬಿದ್ದವು! ಇನ್ನಷ್ಟು ಮಂದಿ ಗಾಯಗೊಂಡರು. ಮೆಟ್ರೊ ಮುಖ್ಯಸ್ಥ ಇ. ಶ್ರೀಧರನ್ ನೈತಿಕ ಹೊಣೆ ಹೊತ್ತು ರಾಜೀನಾಮೆ ಸಲ್ಲಿಸಿದರು. ಸರಕಾರ ಅದನ್ನು ಒಪ್ಪಲಿಲ್ಲ. ಮುರಿದು ಬಿದ್ದ ವಸ್ತುವನ್ನು ಎತ್ತುವುದು ಹೊಸ ವಸ್ತುವನ್ನು ಎತ್ತುವುದಕ್ಕಿಂತ ಬಹಳ ಕಷ್ಟ. ಅದು ಎಲ್ಲಿ ಸಿಕ್ಕಿಕೊಂಡಿದೆ, ಬಿಡಿಸಿದಾಗ ಯಾವ ಕಡೆ ವಾಲುತ್ತದೆ ಎಂದು ಮೊದಲೇ ಹೇಳುವುದು ಸುಲಭವಲ್ಲ. ಅಂಥ ಕೆಲಸಕ್ಕೆ ಆತುರ ಸಲ್ಲದು.

ಲೆಕ್ಕ ಎಲ್ಲಿ ತಪ್ಪುತ್ತದೆ?

ಕ್ರೇನ್ ಉರುಳಿದಾಗ ಜನ ನೋಡುವುದು ಮೇಲಕ್ಕೆ. ತಪ್ಪು ಆಗಿರುವುದು ಹೆಚ್ಚಾಗಿ ಕೆಳಗೆ, ಅದೂ ಮುಂಚೆಯೇ.

ಮೊದಲನೆಯದು ತೂಕ ಮತ್ತು ದೂರ. 'ಐವತ್ತು ಟನ್ ಕ್ರೇನ್' ಎಂದರೆ ಎಲ್ಲಿ ಬೇಕಾದರೂ ಐವತ್ತು ಟನ್ ಎತ್ತುವ ಯಂತ್ರವಲ್ಲ. ಭಾರವನ್ನು ಹತ್ತಿರದಲ್ಲಿ, ಮೂರು ಮೀಟರಿನಷ್ಟು ದೂರದಲ್ಲಿ ಹಿಡಿದಾಗ ಮಾತ್ರ ಆ ಶಕ್ತಿ. ಭಾರ ಇಪ್ಪತ್ತು ಮೀಟರ್ ದೂರ ಹೋದರೆ ಅದೇ ಯಂತ್ರದ ಶಕ್ತಿ ಹತ್ತರಲ್ಲೊಂದು ಪಾಲಿಗೆ ಇಳಿಯಬಹುದು. ಕ್ರೇನಿನ ಕ್ಯಾಬಿನ್‌ನಲ್ಲಿರುವ ಲೋಡ್ ಚಾರ್ಟ್ ಹೇಳುವುದು ಇದನ್ನೇ. ಹುಕ್, ಸ್ಲಿಂಗ್, ಸಂಕೋಲೆಗಳ ತೂಕವನ್ನೂ ಭಾರಕ್ಕೆ ಕೂಡಿಸಬೇಕು.

ಎರಡನೆಯದು ಸ್ಲಿಂಗಿನ ಕೋನ. ಇಬ್ಬರು ಸೇರಿ ನೀರು ತುಂಬಿದ ಹಂಡೆಯನ್ನು ಎತ್ತುವಾಗ ಹತ್ತಿರ ನಿಂತರೆ ಹಗುರ, ದೂರ ದೂರ ನಿಂತರೆ ತೋಳು ಕೀಳುವಷ್ಟು ಭಾರ. ಸ್ಲಿಂಗಿನ ವಿಷಯವೂ ಹಾಗೆಯೇ. ಹತ್ತು ಟನ್ ಭಾರವನ್ನು ಎರಡು ಸ್ಲಿಂಗುಗಳಿಂದ ನೇರವಾಗಿ ಎತ್ತಿದರೆ ಒಂದೊಂದರ ಮೇಲೆ ಐದು ಟನ್. ಸ್ಲಿಂಗು ಅಡ್ಡಗೆರೆಯಿಂದ 60 ಡಿಗ್ರಿಯಲ್ಲಿದ್ದರೆ ಸುಮಾರು 5.8 ಟನ್, 45ಕ್ಕೆ 7.1, 30ಕ್ಕೆ ಇಳಿದರೆ ಒಂದೊಂದರ ಮೇಲೂ ಪೂರ್ತಿ ಹತ್ತು ಟನ್!

ಮೂರನೆಯದು ನೆಲ. ಕ್ರೇನ್ ಪಕ್ಕಕ್ಕೆ ಚಾಚುವ ಕಾಲುಗಳಲ್ಲಿ ಒಂದರ ಮೇಲೆ 40 ಟನ್ ಬಿತ್ತು ಎನ್ನೋಣ. ಕಾಲಿನ ತಟ್ಟೆ 60 ಸೆಂ.ಮೀ. ಚೌಕವಾದರೆ ನೆಲದ ಮೇಲಿನ ಒತ್ತಡ ಚದರ ಮೀಟರಿಗೆ 110 ಟನ್ ದಾಟುತ್ತದೆ. ಅದರಡಿ ಎರಡು ಮೀಟರ್ ಚೌಕದ ಗಟ್ಟಿ ಹಾಸು ಹಾಕಿದರೆ ಹತ್ತು ಟನ್ನಿಗೆ ಇಳಿಯುತ್ತದೆ. ಇಷ್ಟು ಸರಳ ವಿಷಯ. ನಗರದ ರಸ್ತೆಯಡಿ ಹಳೆಯ ಒಳಚರಂಡಿ, ನೀರಿನ ಕೊಳವೆ, ವಿದ್ಯುತ್ ಕೇಬಲ್, ಸರಿಯಾಗಿ ತುಂಬದ ಗುಂಡಿ ಇರುತ್ತವೆ. ಡಾಂಬರು ಎಲ್ಲವನ್ನೂ ಮುಚ್ಚಿರುತ್ತದೆ. ಆದ್ದರಿಂದ ನೆಲದ ಪರೀಕ್ಷೆ ಇಲ್ಲದೆ ಕ್ರೇನ್ ನಿಲ್ಲಿಸುವುದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆದಂತೆ.

ನಾಲ್ಕನೆಯದು ಗಾಳಿ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಅಮೆರಿಕದ ಮಿಲ್ವಾಕಿಯಲ್ಲಿ 1999ರ ಜುಲೈ 14ರಂದು ಕ್ರೀಡಾಂಗಣದ ಛಾವಣಿಯ 400 ಟನ್ನಿಗೂ ಮಿಕ್ಕಿದ ಭಾಗವನ್ನು ಎತ್ತುವಾಗ 'ಬಿಗ್ ಬ್ಲೂ' ಎಂಬ ಬೃಹತ್ ಕ್ರೇನ್ ಉರುಳಿ ಮೂವರು ಕಾರ್ಮಿಕರು ಸತ್ತರು. ಕ್ರೇನಿನ ಮೇಲೆ ಬೀಳುವ ಗಾಳಿಯ ಲೆಕ್ಕ ಇತ್ತು. ಅಗಲವಾದ ಛಾವಣಿ ಹಾಯಿಯಂತೆ ಗಾಳಿ ಹಿಡಿಯುತ್ತದೆ ಎಂಬ ಲೆಕ್ಕ ಇರಲಿಲ್ಲ. ಹಾಯಿ ದೋಣಿ ಕಂಡ ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡು ಕ್ರೇನುಗಳು ಸೇರಿ ಒಂದೇ ಗರ್ಡರ್ ಎತ್ತುವಾಗ ಈ ಎಲ್ಲ ಅಪಾಯಗಳೂ ಕೂಡಿಬರುತ್ತವೆ. ಒಂದು ಕ್ರೇನ್ ಸ್ವಲ್ಪ ಬೇಗ ಎತ್ತಿದರೆ ಭಾರ ಒಂದರಿಂದ ಇನ್ನೊಂದಕ್ಕೆ ಸರಿಯುತ್ತದೆ. ಅದಕ್ಕಾಗಿಯೇ ಅಂಥ ಕೆಲಸದಲ್ಲಿ ಪ್ರತಿ ಕ್ರೇನಿನ ಶಕ್ತಿಯ ಮುಕ್ಕಾಲು ಪಾಲಿಗಿಂತ ಹೆಚ್ಚು ಬಳಸದಿರುವುದು ತಿಳಿದವರ ರೂಢಿ.

ಒಂದೇ ಧ್ವನಿ, ಆದರೆ 'ನಿಲ್ಲಿಸು' ಎನ್ನಲು ಎಲ್ಲರಿಗೂ ಹಕ್ಕು

ಲೆಕ್ಕ ಸರಿಯಿದ್ದರೂ ಕೆಲಸ ಕೆಡುವುದುಂಟು. ಹತ್ತು ಜನ ಹತ್ತು ಕಡೆಯಿಂದ ಕೂಗಿದರೆ ಆಪರೇಟರ್ ಯಾರ ಮಾತು ಕೇಳಬೇಕು? ಈ ವಿದ್ಯೆಯಲ್ಲಿ ನಮ್ಮ ನೆರೆಯ ಮಲಬಾರಿನ ಖಲಾಸಿಗಳು ಹೆಸರಾದವರು. ಬೇಪೂರಿನ ಈ ಮಂದಿ ಹಗ್ಗ, ಕಪ್ಪಿ, ಮರದ ಉರುಳುಗಳಿಂದಲೇ ದೊಡ್ಡ ಉರುಗಳನ್ನು ನೀರಿಗಿಳಿಸಿದವರು. 1988ರ ಜುಲೈ 8ರಂದು ಪೆರುಮಣ್ ಸೇತುವೆಯಿಂದ ಐಲ್ಯಾಂಡ್ ಎಕ್ಸ್‌ಪ್ರೆಸ್ ಅಷ್ಟಮುಡಿ ಹಿನ್ನೀರಿಗೆ ಬಿದ್ದಾಗ ಬೋಗಿಗಳನ್ನು ಮೇಲೆತ್ತಲು ನೆರವಾದವರೂ ಅವರೇ. ಅವರ ಕೆಲಸದಲ್ಲಿ ಮುಂದಾಳು ಹಾಡಿನಂತೆ ಕೂಗು ಕೊಡುತ್ತಾನೆ, ಉಳಿದವರೆಲ್ಲ ಒಟ್ಟಿಗೆ ಎಳೆಯುತ್ತಾರೆ. ಇಂದಿನ ಕ್ರೇನ್ ಕೆಲಸದ ನಿಯಮವೂ ಅದೇ: ಸನ್ನೆ ಕೊಡುವವನು ಒಬ್ಬನೇ.

ಒಂದು ಸನ್ನೆ ಮಾತ್ರ ಇದಕ್ಕೆ ಹೊರತು. 'ನಿಲ್ಲಿಸು' ಎಂದು ಯಾರು ಹೇಳಿದರೂ ನಿಲ್ಲಿಸಬೇಕು, ನಿನ್ನೆ ಕೆಲಸಕ್ಕೆ ಸೇರಿದ ಹೆಲ್ಪರ್ ಹೇಳಿದರೂ ಕೂಡ. ಇದು ಕಾಗದದ ಮೇಲೆ ಸುಲಭ. ಆದರೆ ಊರು ಬಿಟ್ಟು ದಿನಗೂಲಿಗೆ ಬಂದ, ಸ್ಥಳದ ಭಾಷೆ ಬಾರದ ಹುಡುಗ ಬೆಳಗಿನ ಜಾವ ನಾಲ್ಕೂವರೆಗೆ, ಐದಕ್ಕೆ ರಸ್ತೆ ತೆರೆಯಬೇಕೆಂದು ಮೇಸ್ತ್ರಿ ಅವಸರಪಡಿಸುತ್ತಿರುವಾಗ, 'ಸಾರ್, ಈ ಕಾಲು ಕುಸಿಯುತ್ತಿದೆ' ಎನ್ನಲು ಧೈರ್ಯ ಮಾಡುತ್ತಾನೆಯೇ? ಹೇಳಿದರೆ ನಾಳೆ ಕೂಲಿ ಇರುತ್ತದೆಯೇ? ಒಂದು ಕೆಲಸದ ಸ್ಥಳ ಎಷ್ಟು ಸುರಕ್ಷಿತ ಎಂಬುದನ್ನು ಈ ಪ್ರಶ್ನೆಯ ಉತ್ತರದಿಂದಲೇ ಅಳೆಯಬಹುದು ಎಂಬುದು ನಮ್ಮ ದೃಢ ಅಭಿಪ್ರಾಯ. ಕಾನೂನುಗಳಿಗೆ ನಮ್ಮಲ್ಲಿ ಬರವಿಲ್ಲ. ಕಟ್ಟಡ ಕಾರ್ಮಿಕರ 1996ರ ಕಾಯಿದೆ ಇತ್ತು. ಅದನ್ನು ಒಳಗೊಂಡ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಆದರೆ ಹೆದರಿದ ಬಾಯಿಗೆ ಕಾನೂನು ಮಾತು ಕೊಡಲಾರದು. ಆ ಮಾತನ್ನು ಮೇಲಿನವರು ಮೊದಲೇ ಕೊಡಬೇಕು.

ನಮ್ಮ ಆವರಣದಲ್ಲಿ

ಇದೆಲ್ಲ ಮೆಟ್ರೊ ನಿಗಮದ ಚಿಂತೆ ಎಂದುಕೊಂಡು ಪುಟ ಮುಚ್ಚುವಂತಿಲ್ಲ. ಚರ್ಚಿನ ಗಂಟೆ, ಗೋಪುರದ ಶಿಲುಬೆ, ಶಾಲೆಯ ನೀರಿನ ಟ್ಯಾಂಕಿ, ಸಭಾಭವನದ ಛಾವಣಿಯ ಟ್ರಸ್, ಇವು ತಾವಾಗಿ ಮೇಲೇರುವುದಿಲ್ಲ. ನಾವು ಪೇಟೆಯಿಂದ ತಾಸಿಗಿಷ್ಟು ಎಂದು 'ಹೈಡ್ರಾ' ತರಿಸುತ್ತೇವೆ. ಭಾರ ಹಿಡಿದುಕೊಂಡೇ ಚಲಿಸುವ ಈ ಯಂತ್ರ ಅನುಕೂಲಕರ, ಆದರೆ ಏರುತಗ್ಗಿನ ನೆಲದಲ್ಲಿ, ತಿರುವಿನಲ್ಲಿ ಸುಲಭವಾಗಿ ವಾಲುತ್ತದೆ. ದೊಡ್ಡ ನಿರ್ಮಾಣ ಸಂಸ್ಥೆಗಳು ಕೆಲವು ತಮ್ಮ ಸ್ಥಳಗಳಲ್ಲಿ ಇದರ ಹಳೆಯ ಮಾದರಿಗಳನ್ನು ನಿಷೇಧಿಸಿವೆ. ನಮ್ಮ ಆವರಣಗಳಲ್ಲಿ ಮಣ್ಣು ಮುಚ್ಚಿದ ಹಳೆಯ ಬಾವಿ, ಶೌಚಗುಂಡಿ, ಮಳೆಗೆ ಮೆತ್ತಗಾದ ತುಂಬುಮಣ್ಣು, ತಲೆಯ ಮೇಲೆ ಹಾದುಹೋಗುವ ಮೆಸ್ಕಾಂ ತಂತಿ ಇದ್ದೇ ಇರುತ್ತವೆ. ಯಾವ ಜಾಗದಲ್ಲಿ ಬಾವಿ ಇತ್ತೆಂದು ಬಾಡಿಗೆ ಕ್ರೇನಿನ ಚಾಲಕನಿಗೆ ತಿಳಿಯದು. ಅದು ತಿಳಿದಿರುವುದು ನಮ್ಮ ಹಿರಿಯರಿಗೆ. ಅವರನ್ನು ಕೇಳಬೇಕು.

ಪಾಲನಾ ಮಂಡಳಿಗಳ ಮುಂದೆ ನಾವು ಇಡುವ ಬೇಡಿಕೆ ದೊಡ್ಡದೇನಲ್ಲ. ಕ್ರೇನ್ ತರಿಸುವ ಮೊದಲು ಈ ಪ್ರಶ್ನೆಗಳಿಗೆ ಉತ್ತರ ನಡವಳಿ ಪುಸ್ತಕದಲ್ಲಿ ಬರೆದಿರಲಿ:

1. ಎತ್ತುವ ವಸ್ತುವಿನ ತೂಕ ಎಷ್ಟು? ಅಂದಾಜೋ, ಅಳೆದದ್ದೋ?
2. ಕ್ರೇನ್ ನಿಲ್ಲುವ ಜಾಗದಿಂದ ವಸ್ತು ಕೂರುವ ಜಾಗಕ್ಕೆ ದೂರ ಎಷ್ಟು? ಆ ದೂರದಲ್ಲಿ ಲೋಡ್ ಚಾರ್ಟ್ ಏನು ಹೇಳುತ್ತದೆ?
3. ಕ್ರೇನ್ ಮತ್ತು ಸ್ಲಿಂಗುಗಳ ಪರೀಕ್ಷಾ ಪ್ರಮಾಣಪತ್ರ, ಆಪರೇಟರ್ ಪರವಾನಗಿ ಚಾಲ್ತಿಯಲ್ಲಿವೆಯೇ?
4. ನೆಲದಡಿ ಏನಿದೆ, ತಲೆಯ ಮೇಲೆ ಏನಿದೆ?
5. ಸನ್ನೆ ಕೊಡುವವರು ಯಾರು? ಭಾರದ ಕೆಳಗೆ ಯಾರೂ ಬಾರದಂತೆ ಹಗ್ಗ ಕಟ್ಟಿ ಕಾಯುವವರು ಯಾರು?
6. ಗಾಳಿ ಮಳೆ ಬಂದರೆ ಕೆಲಸ ಮುಂದೂಡಲು ನಾವು ಸಿದ್ಧರಿದ್ದೇವೆಯೇ?

ಕೊನೆಯ ಪ್ರಶ್ನೆಯೇ ಕಠಿಣ. ಮೆಟ್ರೊದವರಿಗೆ ಬೆಳಗಿನ ಐದು ಗಂಟೆ ಇದ್ದಂತೆ ನಮಗೆ ಉದ್ಘಾಟನೆಯ ದಿನ. ಆಮಂತ್ರಣ ಪತ್ರಿಕೆ ಅಚ್ಚಾಗಿದೆ, ಧರ್ಮಾಧ್ಯಕ್ಷರು ಬರುವುದು ನಿಗದಿಯಾಗಿದೆ, ದಾನಿಗಳು ವಿದೇಶದಿಂದ ಬಂದಿಳಿದಿದ್ದಾರೆ, ಗಂಟೆ ಇನ್ನೂ ನೆಲದ ಮೇಲಿದೆ. ಶಾಲೆ ಬಿಡುವ ಹೊತ್ತು, ಮಕ್ಕಳೆಲ್ಲ ನೋಡಲು ಓಡಿಬಂದಿದ್ದಾರೆ. ಆಗ 'ಇವತ್ತು ಬೇಡ' ಎನ್ನುವ ಜವಾಬ್ದಾರಿ ಕಂತ್ರಾಟುದಾರನ ಮೇಲೆ, ಕೂಲಿಯವನ ಮೇಲೆ ಬಿಡುವುದು ನ್ಯಾಯವಲ್ಲ. ದಿನಾಂಕ ಗೊತ್ತುಮಾಡಿದವರು ನಾವು. ಬದಲಾಯಿಸಬೇಕಾದವರೂ ನಾವೇ. ಗಂಟೆ ಒಂದು ವಾರ ತಡವಾಗಿ ಬಾರಿಸಿದರೆ ಯಾರಿಗೂ ನಷ್ಟವಿಲ್ಲ. ಮುಂದಿನ ಸಭೆಯಲ್ಲಿ ಕಟ್ಟಡದ ವಿಷಯ ಬಂದಾಗ, ದರಪಟ್ಟಿ ಓದುವ ಮೊದಲು ಈ ಆರು ಪ್ರಶ್ನೆಗಳನ್ನು ಓದಬೇಕೆಂದು ನಾವು ಎಲ್ಲ ಮಂಡಳಿಗಳನ್ನು ವಿನಂತಿಸುತ್ತೇವೆ.